ಐನ್‌ಮನೆ (ಕೊಡಗಿನ ಕುಲದ ಮನೆ) ವಾಟ್ಸ್ಯಾಪ್ ಗುಂಪಿಗೆ ಬಂದ ಸಿಂಡ್ರೆಲ್ಲಾ

ಗೋಣಿಕೊಪ್ಪ ಅತ್ತೆ: (ಹಲವು ಬಾರಿ ಫಾರ್ವರ್ಡ್ ಆಗಿದೆ)
*ಏಳೇ ದಿನದಲ್ಲಿ ನಿಮ್ಮ ಮಗಳು ರಾಜಕುಮಾರಿ!!* ಲಂಡನ್ ಅರಮನೆಯ ಗುಟ್ಟು ಬಯಲು!! ದಿನಾ ತಲೆ ಮೇಲೆ 3 ದಪ್ಪ ಪುಸ್ತಕ ಇಟ್ಟು 1 ಗಂಟೆ ನಡೆಸಿ. ನಿಂಬೆರಸಕ್ಕೆ ಅಡುಗೆ ಸೋಡ ಕಲಸಿ ಮುಖಕ್ಕೆ ಹಚ್ಚಿ ಬಿಸಿಲಲ್ಲಿ ಕೂರಿಸಿ. ಗೌನ್ ಒಳಗೆ 15 ಮೀಟರ್ ನೆಟ್ ಕೊಡಿ. ಕಾಲಿಗೆ ಸಿಂಡ್ರೆಲ್ಲಾಳ ಗಾಜಿನ ಚಪ್ಪಲಿ. ಹೆಣ್ಣುಮಕ್ಕಳಿರುವ 10 ಮನೆಗೆ ಕಳಿಸಿ, ಪುಣ್ಯ ಕಟ್ಟಿಕೊಳ್ಳಿ.

ಗೋಣಿಕೊಪ್ಪ ಅತ್ತೆ: ರಮ್ಯಾ, ಮಗಳ ಫ್ಯಾನ್ಸಿ ಡ್ರೆಸ್‌ಗೆ ಆಗುತ್ತೆ ನೋಡು. ನಾನು ಪೂರ್ತಿ ಓದಿಲ್ಲ.

ವಿರಾಜಪೇಟೆ ಭಾವ: ಓದದೆ ಕಳಿಸಿದ್ದು ಗೊತ್ತಾಗುತ್ತೆ. ಮೂಲ ಯಾವುದು? ಲಂಡನ್ ಅರಮನೆಯವರು ಯಾವಾಗ, ಎಲ್ಲಿ ಹೇಳಿದರು?

ಗೋಣಿಕೊಪ್ಪ ಅತ್ತೆ: ಶುರುವಾಯಿತು. ಮಕ್ಕಳ ವೇಷಕ್ಕೂ ಇವರಿಗೆ ಮೂಲ ಬೇಕು.

ವಿರಾಜಪೇಟೆ ಭಾವ: ಮುಖಕ್ಕೆ ಹಚ್ಚುವುದಕ್ಕೆ ಬೇಕು. ನಿಂಬೆರಸ ಆಮ್ಲ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗೆ ಕೆಂಪಾಗಿ ಬೊಬ್ಬೆ ಏಳಬಹುದು, ಆಮೇಲೆ ಕಪ್ಪು ಕಲೆ ಉಳಿಯಬಹುದು. ಸೋಡ ಅದಕ್ಕೆ ತದ್ವಿರುದ್ಧ, ಕ್ಷಾರ. ಎರಡೂ ಕಲಸಿದರೆ ನೊರೆ ಬರುತ್ತೆ, ಅದನ್ನು ನೋಡಿ ಜನ ಏನೋ ಶಕ್ತಿ ಇದೆ ಅಂದುಕೊಳ್ಳುತ್ತಾರೆ.

ರಮ್ಯಾ ಮಡಿಕೇರಿ: ಮುಖಕ್ಕೆ ಏನೂ ಹಚ್ಚಲ್ಲ ಭಾವ, ಬಿಡಿ. ನೆಟ್ ನಿಜವಾಗಲೂ 15 ಮೀಟರ್ ಬೇಕಾ? ಅಂಗಡಿಯವರು 10 ಅಂತಿದ್ದಾರೆ.

ಕುಶಾಲನಗರ ಚಿಕ್ಕಿ: ಅವರಿಗೆ ಮಾರಬೇಕು, ಹೇಳುತ್ತಾರೆ. ಮಗುವಿನ ಅಳತೆ ಹಾಕು. ಸೊಂಟ, ಸೊಂಟದಿಂದ ನೆಲ. ಅವತ್ತು ಹಾಕುವ ಚಪ್ಪಲಿಯನ್ನೇ ಹಾಕಿಸಿ ಅಳಿ.

ದೊಡ್ಡಪ್ಪ: ಶುಭೋದಯ. ಹೊರಗಿನ ವೇಷಕ್ಕಿಂತ ಒಳಗಿನ ಸಂಸ್ಕಾರ ಮುಖ್ಯ. ನಮ್ಮಲ್ಲಿ ರಾಜಕುಮಾರಿಯರಿಗೆ ಬರವೇ? ಕೊಡಗಿನ ರಾಜಕುಮಾರಿ ಗೌರಮ್ಮನ ವೇಷ ಹಾಕಿಸಿ. ಬಿಳಿಯರ ಗೌನು ಯಾಕೆ?

ವಿರಾಜಪೇಟೆ ಭಾವ: ದೊಡ್ಡಪ್ಪ, ಗೌರಮ್ಮ ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ. ಬ್ರಿಟಿಷರು ಅವಳ ಅಪ್ಪ, ಕೊಡಗಿನ ದೊರೆ ಚಿಕ್ಕವೀರರಾಜನನ್ನು 1834ರಲ್ಲೇ ಪಟ್ಟದಿಂದ ಇಳಿಸಿದ್ದರು. 1852ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷಾಸ್ನಾನ, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. 1864ರಲ್ಲಿ ತೀರಿಹೋದಳು. ಬಿಳಿಯರ ಗೌನು ಬೇಡ ಅಂತ ಆರಿಸಿದ್ದು ಬಿಳಿಯರ ನಡುವೆಯೇ ಬೆಳೆದವಳನ್ನ.

ದೊಡ್ಡಪ್ಪ: ನಾನು ಹೇಳಿದ್ದು ಭಾವನೆ. ನೀನು ತಂದದ್ದು ಇಸವಿ. ಜಾಗದ ಸರ್ವೆಗೆ ಬಂದ ದಿನವೂ ಹೀಗೇ ಎಲ್ಲರ ಎದುರು ಮಾತು ಕತ್ತರಿಸಿದೆ.

ವಿರಾಜಪೇಟೆ ಭಾವ: ಸರ್ವೆ ವಿಷಯ ಇಲ್ಲಿ ಬೇಡ.

ಮಂಜು: ವೇಷ ಅಂದರೆ ದಸರಾ ಕಣ್ರೋ. ಮಡಿಕೇರಿಯಲ್ಲಿ ದಶಮಂಟಪ ನೋಡೋಕೆ ರಾತ್ರಿಯೆಲ್ಲಾ ಚಳಿಯಲ್ಲಿ ನಿಂತು, ಬೆಳಗಿನ ಜಾವಕ್ಕೆ ಕಾಫಿ… ಆ ಥರ್ಮೋಕೋಲ್ ಕಿರೀಟಗಳ ಮಿಂಚು! ಈಗ ಎಲ್ಲಿದೆ ಆ ಕಾಲ.

ಕುಶಾಲನಗರ ಚಿಕ್ಕಿ: ದಸರಾ ಎಲ್ಲೂ ಹೋಗಿಲ್ಲ, ನೀನು ಬೆಂಗಳೂರಿಗೆ ಹೋಗಿದ್ದೀಯ. ರಮ್ಯಾ, ಅಳತೆ?

ರಮ್ಯಾ ಮಡಿಕೇರಿ: ಸೊಂಟ 22 ಇಂಚು. ಚಪ್ಪಲಿ ಹಾಕಿ ನೆಲಕ್ಕೆ 27.

ಕುಶಾಲನಗರ ಚಿಕ್ಕಿ: ಸರಿ. ಗೌನ್ ನೆಲದಿಂದ 2 ಇಂಚು ಮೇಲೆ ನಿಲ್ಲಬೇಕು, ಅಂದರೆ ಉದ್ದ 25. ಮುಂಭಾಗ ಇನ್ನೂ ಅರ್ಧ ಇಂಚು ಗಿಡ್ಡ ಇರಲಿ, ಮೆಟ್ಟಿಲು ಹತ್ತುವಾಗ ಮಕ್ಕಳು ಮುಂದಿನ ಅಂಚನ್ನೇ ತುಳಿಯೋದು. ಒಳಗಿನ ಕ್ಯಾನ್‌ಕ್ಯಾನ್, ಅಂದರೆ ಗೌನ್ ಉಬ್ಬಿಸುವ ಒಳಲಂಗ, 23. ಅದರಲ್ಲಿ ಮೇಲಿನ 7 ಇಂಚು ಕಾಟನ್, ಸುತ್ತಳತೆ 30, ಸೊಂಟಕ್ಕೆ ಎಲಾಸ್ಟಿಕ್. ನೆಟ್ಟನ್ನೇ ಸೊಂಟದಿಂದ ಶುರು ಮಾಡಿದರೆ ಹೊಟ್ಟೆ ಸುತ್ತ ದಪ್ಪ ಕಾಣುತ್ತೆ, ಚುಚ್ಚುತ್ತೆ, ಮಗು ವೇದಿಕೆ ಮೇಲೆ ಕೆರೆದುಕೊಳ್ಳುತ್ತೆ. ಕೆಳಗೆ 8 ಇಂಚಿನ ಎರಡು ಸಾಲು ನೆಟ್. ಮೊದಲ ಸಾಲಿಗೆ 2 ಮೀಟರ್ ಪಟ್ಟಿ, ಎರಡನೆಯದಕ್ಕೆ 5. ಪ್ರತಿ ಸಾಲೂ ಅದರ ಮೇಲಿನದರ ಎರಡೂವರೆ ಪಟ್ಟು, ಅಷ್ಟೇ ಲೆಕ್ಕ.

ವಿರಾಜಪೇಟೆ ಭಾವ: ಹಾಗಾದರೆ 7 ಮೀಟರ್.

ಕುಶಾಲನಗರ ಚಿಕ್ಕಿ: ಪಟ್ಟಿ 7 ಮೀಟರ್, ಬಟ್ಟೆ ಅಲ್ಲ! ನೆಟ್ಟಿನ ಅಗಲ 60 ಇಂಚು. ಹೊಲಿಗೆಗೂ ಸೇರಿಸಿ 9 ಇಂಚಿಗೆ ಅಡ್ಡ ಕತ್ತರಿಸಿದರೆ ಒಂದೊಂದು ಪಟ್ಟಿಯೂ ಒಂದೂವರೆ ಮೀಟರ್. ಐದು ಪಟ್ಟಿ ಸಾಕು, 45 ಇಂಚು. ಒಂದು ಪದರಕ್ಕೆ ಒಂದೂಕಾಲು ಮೀಟರ್ ಬಟ್ಟೆ. ಎರಡು ಪದರ ಬೇಕಿದ್ದರೆ ಎರಡೂವರೆ. 15 ಮೀಟರ್ ತಂದರೆ ಉಳಿದದ್ದನ್ನು ಸೊಳ್ಳೆಪರದೆ ಮಾಡಿಕೊಳ್ಳಿ.

ಗೋಣಿಕೊಪ್ಪ ಅತ್ತೆ: ಲೆಕ್ಕ ಬಲ್ಲವರು. ನಿಮ್ಮ ಲೆಕ್ಕಕ್ಕೇ ನಮ್ಮ ಮದುವೆ ಮನೆಯಲ್ಲಿ ನನ್ನ ರವಿಕೆಗೆ ತೋಳಿಲ್ಲದೆ ಹೋಯಿತು.

ಕುಶಾಲನಗರ ಚಿಕ್ಕಿ: ಬಟ್ಟೆ ಒಗೆಯದೆ ಕೊಟ್ಟವರು ಯಾರು? ಹೊಲಿದ ಮೇಲೆ ಕುಗ್ಗಿತು.

ಶೋಭಕ್ಕ: ಇಬ್ಬರೂ ನಿಲ್ಲಿಸಿ. ರಮ್ಯಾ, ನೆರಿಗೆ ಹಿಡಿಯುವಾಗ ಉದ್ದ ಹೊಲಿಗೆಯ ಎರಡು ಸಾಲು ಹಾಕು, ಒಂದೇ ಸಾಲು ಎಳೆದರೆ ಮಧ್ಯದಲ್ಲಿ ದಾರ ಕಿತ್ತು ಪೂರ್ತಿ ಬಿಚ್ಚುತ್ತೆ. ನೆಟ್ಟಿಗೆ ನೇರ ಇಸ್ತ್ರಿ ಮುಟ್ಟಿಸಬೇಡ, ನೈಲಾನ್ ಕರಗುತ್ತೆ. ಬಿಸಿನೀರು ಬಿಟ್ಟ ಬಚ್ಚಲಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ಮಡಿಕೆ ಬಿಡುತ್ತೆ.

ರಮ್ಯಾ ಮಡಿಕೇರಿ: ಇಲ್ಲಿ ಮಳೆ. ಬಚ್ಚಲಿಗೂ ಹೊರಗಿಗೂ ವ್ಯತ್ಯಾಸವೇ ಇಲ್ಲ.

ವಿರಾಜಪೇಟೆ ಭಾವ: ಕ್ಯಾನ್‌ಕ್ಯಾನ್ ಬದಲು ತಂತಿ ಬಳೆಯ ಪೆಟಿಕೋಟ್ ಹಾಕಬಹುದಲ್ಲ? 1856ರ ಸುಮಾರಿಗೆ ಉಕ್ಕಿನ ಬಳೆ ಬಂದದ್ದೇ ಹತ್ತಾರು ಪದರಗಳ ಭಾರ ತಪ್ಪಿಸಲು.

ಕುಶಾಲನಗರ ಚಿಕ್ಕಿ: ಕೂರುವುದು ಹೇಗೆ ಅಂತಲೂ ಹೇಳಿ. ಬಳೆ ಹಾಕಿ ಸುಮ್ಮನೆ ಕುಳಿತರೆ ಮುಂಭಾಗ ಮೂಗಿನವರೆಗೆ ಎದ್ದು ನಿಲ್ಲುತ್ತೆ. ಹಿಂಭಾಗದ ಬಳೆಗಳನ್ನು ಕೈಯಲ್ಲಿ ಮೇಲೆತ್ತಿ, ಕುರ್ಚಿಯ ತುದಿಗೆ ಕೂರಬೇಕು. ಎಂಟು ವರ್ಷದ ಮಗು ಶಾಲೆ ವ್ಯಾನಿನಲ್ಲಿ ಇದನ್ನು ಮಾಡುತ್ತಾ? ನೆಟ್ ಸಾಕು.

ದೊಡ್ಡಪ್ಪ: ಕೊಡಗಿನ ಸೀರೆ ಉಡಿಸಿದರೆ ಈ ತಂತಿ, ಬಳೆ ಯಾವುದೂ ಬೇಡ. ಕಾವೇರಿ ತಾಯಿಯ ರಭಸಕ್ಕೆ ನೆರಿಗೆ ಹಿಂದಕ್ಕೆ ಸರಿಯಿತು ಅನ್ನುವ ಕಥೆ ಮಗುವಿಗೂ ಗೊತ್ತಾಗುತ್ತೆ.

ವಿರಾಜಪೇಟೆ ಭಾವ: ಕಥೆ ಚೆನ್ನಾಗಿದೆ.

ದೊಡ್ಡಪ್ಪ: ಆ ಧಾಟಿ ನನಗೆ ಗೊತ್ತು.

ಕುಶಾಲನಗರ ಚಿಕ್ಕಿ: ದೊಡ್ಡಪ್ಪ, ಹಿಂದೆ ನೆರಿಗೆ, ಬಲಭುಜಕ್ಕೆ ಪಿನ್, ನನಗೂ ಇಷ್ಟ. ಆದರೆ ವ್ಯಾನಿನಲ್ಲಿ ಕುಳಿತರೆ ಹಿಂದಿನ ನೆರಿಗೆಯೇ ಮೊದಲು ಅಪ್ಪಚ್ಚಿ. ಶಾಲೆಯಲ್ಲೇ ಉಡಿಸಬೇಕು. ಅವಳದ್ದು ಸಿಂಡ್ರೆಲ್ಲಾ ವೇಷ ಅಂತ ಶಾಲೆಗೆ ಹೆಸರು ಕೊಟ್ಟಾಗಿದೆ, ಸಿಂಡ್ರೆಲ್ಲಾಗೆ ಕುಪ್ಪಸ ತೊಡಿಸೋಕೆ ಆಗಲ್ಲ.

ಮಂಜು: ಸಿಂಡ್ರೆಲ್ಲಾ ಗೌನ್ ನೀಲಿ ತಾನೇ? ಗಾಜಿನ ಚಪ್ಪಲಿ ಎಲ್ಲಿ ಸಿಗುತ್ತೆ?

ವಿರಾಜಪೇಟೆ ಭಾವ: ಗಾಜು ಬಂದದ್ದು ಫ್ರಾನ್ಸಿನ ಪೆರೋ 1697ರಲ್ಲಿ ಬರೆದ ಕಥೆಯಿಂದ. ಜರ್ಮನಿಯ ಗ್ರಿಮ್ ಸಹೋದರರಲ್ಲಿ ಚಿನ್ನದ್ದು. ಚಿನ್ನದ ಬಣ್ಣದ ಸಾದಾ ಶೂ ಹಾಕಿದರೂ ಕಥೆಗೆ ಮೋಸ ಇಲ್ಲ.

ಶೋಭಕ್ಕ: ಈಗ ನೀವು ಉಪಯೋಗದ ಮಾತಾಡಿದಿರಿ. ಪಾರದರ್ಶಕ ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಕಾಲು ಬೆವೆತು ಒಳಗಿಂದ ಮಂಜು ಕಟ್ಟುತ್ತೆ, ಜಾರುತ್ತೆ, ಹಿಮ್ಮಡಿ ಸುಲಿಯುತ್ತೆ. ಚಿನ್ನದ ಬಣ್ಣದ್ದೇ ತೆಗೆದುಕೊ ರಮ್ಯಾ, ಹಿಮ್ಮಡಿ ಎತ್ತರ ಬೇಡ.

ರಮ್ಯಾ ಮಡಿಕೇರಿ: ಪುಸ್ತಕ ಇಟ್ಟು ನಡೆಸಲಾ ಅಕ್ಕ?

ಶೋಭಕ್ಕ: ಒಂದೇ ತೆಳ್ಳಗಿನ ಪುಸ್ತಕ, ಐದು ನಿಮಿಷ. ಅದು ಕಲಿಸುವುದು ಗಲ್ಲ ಸಮವಾಗಿ ಇಡೋದನ್ನ ಮಾತ್ರ. ಮೂರು ದಪ್ಪ ಪುಸ್ತಕ ಇಟ್ಟರೆ ಕತ್ತು ಬಿಗಿದು ಭುಜ ಕಿವಿಗೇರುತ್ತೆ, ರಾಜಕುಮಾರಿ ಹೋಗಿ ಸಿಪಾಯಿ ಆಗುತ್ತಾಳೆ. ಅದಕ್ಕಿಂತ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸು. ಹಿಮ್ಮಡಿ, ಬೆನ್ನು, ತಲೆಯ ಹಿಂಭಾಗ ಗೋಡೆಗೆ ತಾಗಲಿ. ಅದೇ ನಿಲುವಿನಲ್ಲಿ ಮುಂದೆ ಬರಲಿ. ಹೆಜ್ಜೆ ಚಿಕ್ಕದು, ಪಾದ ಎತ್ತಿ ಹಾಕದೆ ಗೌನಿನ ಅಂಚನ್ನು ಮುಂದಕ್ಕೆ ತಳ್ಳಿದ ಹಾಗೆ. ಲಂಗವನ್ನು ಮುಷ್ಟಿಯಲ್ಲಿ ಹಿಡಿಯಬಾರದು, ಹೆಬ್ಬೆರಳು ಮತ್ತೆರಡು ಬೆರಳು ಸಾಕು.

ಶೋಭಕ್ಕ: ಇನ್ನು ವಂದನೆ. ಎಲ್ಲರೂ ಕೆಡಿಸುವುದು ಇಲ್ಲೇ. ಸೊಂಟದಿಂದ ಬಗ್ಗಿದರೆ ಕಿರೀಟ ತೀರ್ಪುಗಾರರ ಮೇಜಿಗೆ. ಬಲಗಾಲು ಎಡಗಾಲಿನ ಹಿಂದೆ, ತೀರಾ ದೂರ ಬೇಡ. ಭಾರ ಪೂರ್ತಿ ಮುಂದಿನ ಕಾಲಿಗೆ. ಬೆನ್ನು ನೆಟ್ಟಗಿಟ್ಟು ಮಂಡಿ ಮಾತ್ರ ಮಡಿಸಬೇಕು. ಎರಡು ಎಣಿಸುತ್ತಾ ಕೆಳಗೆ, ಒಂದು ನಿಲ್ಲು, ಎರಡು ಎಣಿಸುತ್ತಾ ಮೇಲೆ. ಅವಸರದಲ್ಲಿ ಎದ್ದರೆ ಮುಗ್ಗರಿಸುತ್ತಾಳೆ.

ದೊಡ್ಡಪ್ಪ: ನಮ್ಮಲ್ಲಿ ಹಿರಿಯರ ಕಾಲಿಗೆ ನಮಸ್ಕಾರ ಮಾಡುವ ಪದ್ಧತಿ. ಈಗಿನ ಮಕ್ಕಳಿಗೆ ಅದೇ ಬರುವುದಿಲ್ಲ.

ಗೋಣಿಕೊಪ್ಪ ಅತ್ತೆ: ಕಿರೀಟ ಅಂದಿದ್ದಕ್ಕೆ ನೆನಪಾಯಿತು. ಹುತ್ತರಿ ಹಬ್ಬಕ್ಕೆ ಒಯ್ದ ನನ್ನ ಮುತ್ತಿನ ಹೇರ್‌ಪಿನ್ ಡಬ್ಬಿ ಯಾರ ಹತ್ತಿರ ಇದೆ?

ರಮ್ಯಾ ಮಡಿಕೇರಿ: ನನ್ನ ಹತ್ತಿರ ಇಲ್ಲ ಅತ್ತೆ.

ಕುಶಾಲನಗರ ಚಿಕ್ಕಿ: ನನ್ನ ಕಡೆ ನೋಡಬೇಡಿ.

ಗೋಣಿಕೊಪ್ಪ ಅತ್ತೆ: ನಾನು ಯಾರ ಹೆಸರೂ ಹೇಳಿಲ್ಲ.

ಶೋಭಕ್ಕ: ಮುತ್ತಿನದು ಬೇಡವೇ ಬೇಡ, ಜಾರುತ್ತೆ. ಸಾದಾ ಕಪ್ಪು ಪಿನ್ ತನ್ನಿ, ಅಂಕುಡೊಂಕು ಬದಿ ತಲೆಬುರುಡೆ ಕಡೆಗೆ. ಕಿರೀಟ ಕೂರುವ ಜಾಗದಲ್ಲಿ ಎರಡು ಸಣ್ಣ ಜಡೆ ಬಿಗಿಯಾಗಿ ಹೆಣೆದು, ಪಿನ್‌ಗಳನ್ನು ಗುಣಿಸು ಚಿಹ್ನೆಯ ಹಾಗೆ ಅಡ್ಡಡ್ಡ ಚುಚ್ಚಿ. ತಲೆಗೆ ಸ್ನಾನ ಹಿಂದಿನ ದಿನವೇ ಆಗಲಿ, ಅವತ್ತೇ ತೊಳೆದ ಕೂದಲು ಪಿನ್ ಹಿಡಿಯಲ್ಲ. ಗುಂಗುರು ಮಾಡಬೇಡಿ, ಈ ತೇವಕ್ಕೆ ಶಾಲೆ ತಲುಪುವ ಮೊದಲೇ ಬಿಚ್ಚಿಕೊಳ್ಳುತ್ತೆ. ತುರುಬೇ ಗಟ್ಟಿ.

ವಿರಾಜಪೇಟೆ ಭಾವ: ಅತ್ತೆ, ಆ ಮೂಲ ಫಾರ್ವರ್ಡನ್ನು ಅಳಿಸಿಬಿಡಿ. ನಿಂಬೆ, ಸೋಡ ಇನ್ಯಾರಾದರೂ ಹಚ್ಚಿಯಾರು.

ಗೋಣಿಕೊಪ್ಪ ಅತ್ತೆ: ಆಗಲೇ ಹತ್ತು ಮನೆಗೆ ಕಳಿಸಿಯಾಯಿತು. ನಿಮ್ಮ ಅಮ್ಮನಿಗೂ.

ವಿರಾಜಪೇಟೆ ಭಾವ: ಅಮ್ಮ ಈಗ ಫೋನ್ ಮಾಡಿ ಮನೆಯಲ್ಲಿ ಸೋಡ ಇದೆಯಾ ಅಂತ ಕೇಳಿದ್ದು ಇದಕ್ಕಾ?

ರಮ್ಯಾ ಮಡಿಕೇರಿ: ಚಿಕ್ಕಿ, ಅಂಗಡಿಯಲ್ಲಿದ್ದೇನೆ. ಗಟ್ಟಿ ನೆಟ್ಟಾ, ಮೆತ್ತನೆಯದಾ?

ಕುಶಾಲನಗರ ಚಿಕ್ಕಿ: ಒಳಗಿನ ಪದರ ಗಟ್ಟಿ, ಮೇಲಿನದು ಮೆತ್ತನೆ. ತಲಾ ಒಂದೂಕಾಲು. ಕಾಲಿಗೆ ತಾಗುವ ಕಡೆ ಕಾಟನ್ ಲೈನಿಂಗ್ ಬೇಕು, ಅದು ಒಂದು ಮೀಟರ್. ಒಗೆದು ಒಣಗಿಸಿ ತಾ.