ಎರಡು ಜನರೇಟರ್ ಇದ್ದರೆ ಆಸ್ಪತ್ರೆಗೆ ಕರೆಂಟ್ ಚಿಂತೆ ತಪ್ಪುತ್ತಾ?

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ 40 ಹಾಸಿಗೆಯ ಆಸ್ಪತ್ರೆ ಕಟ್ಟಿಸುತ್ತಿದ್ದೇವೆ. ಆಪರೇಷನ್ ಥಿಯೇಟರ್, ಐಸಿಯು ಎರಡೂ ಇವೆ. ಎರಡು ಜನರೇಟರ್ ಹಾಕಿಸಿ, ಸಾಕು ಅಂತಾರೆ ಕಂಟ್ರಾಕ್ಟರ್. ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ 1: ಸಾಕಾಗಲ್ಲ ಸರ್. ನಾನು ಪ್ಯಾನಲ್ ಕೆಲಸ ಮಾಡುವವನು. ಒಂದು ಕಡೆ ಎರಡು ಜನರೇಟರ್ ಇದ್ದೂ ನಡುರಾತ್ರಿ ಇಡೀ ಕಟ್ಟಡ ಕತ್ತಲಾಯಿತು. ಅಡುಗೆಮನೆಯ ಗೀಸರ್ ಶಾರ್ಟ್ ಆಗಿತ್ತು, ಅಷ್ಟೇ. ಅಲ್ಲಿನ ಎಂಸಿಬಿ (ಸಣ್ಣ ಬ್ರೇಕರ್) ಟ್ರಿಪ್ ಆಗಬೇಕಿತ್ತು, ಆದರೆ ಮೇನ್ ಬ್ರೇಕರ್ರೇ ಟ್ರಿಪ್ ಆಯ್ತು. ಹೊರಗೆ ಲೈನ್‌ನಲ್ಲಿ ಕರೆಂಟ್ ಇತ್ತಲ್ಲ, ಹಾಗಾಗಿ ಜನರೇಟರ್ ಸ್ಟಾರ್ಟ್ ಆಗಲೇ ಇಲ್ಲ. ನಾನು ಹೋದಾಗ ಐಸಿಯುನಲ್ಲಿ ಬ್ಯಾಟರಿ ಮೇಲೆ ಓಡುತ್ತಿದ್ದ ವೆಂಟಿಲೇಟರ್‌ನ ಬೀಪ್ ಒಂದೇ ಕೇಳಿಸುತ್ತಿತ್ತು, ನರ್ಸ್ ಮೊಬೈಲ್ ಬೆಳಕಲ್ಲಿ ಅದರ ಸ್ಕ್ರೀನ್ ನೋಡುತ್ತಾ ನಿಂತಿದ್ದರು. ಇವತ್ತಿಗೂ ಮರೆತಿಲ್ಲ.

ಡ್ರಾಯಿಂಗ್ ಹರಡಿಕೊಂಡು ಟ್ರಾನ್ಸ್‌ಫಾರ್ಮರ್‌ನಿಂದ ಥಿಯೇಟರ್ ಲೈಟ್ ತನಕ ಬೆರಳಿಟ್ಟುಕೊಂಡು ಬನ್ನಿ. ಎಲ್ಲ ದಾರಿಯೂ ಸೇರಿ ಒಂದಾಗುವ ಜಾಗ ಇರುತ್ತೆ, ಅದು ಕೆಟ್ಟರೆ ಎಷ್ಟು ಜನರೇಟರ್ ಇದ್ದರೂ ಸುಮ್ನೆ. ಎಷ್ಟೋ ಕಡೆ ಅದು ಚೇಂಜ್‌ಓವರ್ ಸ್ವಿಚ್, ಅಂದರೆ ಲೈನ್‌ನಿಂದ ಜನರೇಟರ್‌ಗೆ ಬದಲಿಸುವ ಸ್ವಿಚ್. ಅದಕ್ಕೆ ಕೈಯಲ್ಲಿ ಹಾಕುವ ಬೈಪಾಸ್ ಇಡಿಸಿ. ಐಸಿಯು, ಥಿಯೇಟರ್‌ಗೆ ಬಸ್‌ಬಾರ್ (ಪ್ಯಾನಲ್ ಒಳಗೆ ಕರೆಂಟ್ ಹಂಚುವ ಲೋಹದ ಪಟ್ಟಿ), ಕೇಬಲ್ ಎಲ್ಲ ಬೇರೆಯೇ ಇರಲಿ, ಅಡುಗೆಮನೆ, ಲಿಫ್ಟ್ ಜೊತೆ ಬೆರೆಸಬೇಡಿ. ಶಾರ್ಟ್ ಆದ ಜಾಗಕ್ಕೆ ಹತ್ತಿರದ ಬ್ರೇಕರ್ ಮೊದಲು ಟ್ರಿಪ್ ಆಗಬೇಕು, ಆ ಸೆಟ್ಟಿಂಗ್ ಲೆಕ್ಕವನ್ನು ಕಾಗದದ ಮೇಲೆ ಕೊಡಿ ಅಂತ ಹಟ ಹಿಡಿಯಿರಿ. ಎರಡನೇ 11 ಕೆವಿ ಫೀಡರ್ (ಸಬ್‌ಸ್ಟೇಷನ್‌ನಿಂದ ಬರುವ ಲೈನ್) ಸಿಗುತ್ತೆ ಅಂದರೆ ಯಾವ ಸಬ್‌ಸ್ಟೇಷನ್‌ದು ಕೇಳಿ. ಎರಡೂ ಒಂದೇ ಕಂಬದ ಮೇಲೆ ಬಂದರೆ ಒಂದು ಮರ ಬಿದ್ದರೂ ಎರಡೂ ಹೋಗುತ್ತೆ ಅಲ್ವಾ?

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಇನ್ನೊಂದು ಮಾತು. ಜನರೇಟರ್ ಎದ್ದು ಲೋಡ್ ತಗೊಳ್ಳೋಕೆ 10–15 ಸೆಕೆಂಡ್ ಬೇಕು. ಥಿಯೇಟರ್ ಲೈಟ್‌ಗೆ ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆ) ನಿಯಮ ಕೊಡೋದು ಅರ್ಧ ಸೆಕೆಂಡ್. ಹಾಗಾಗಿ ಯುಪಿಎಸ್ ಬೇಕೇ ಬೇಕು. ಅದರ ಬ್ಯಾಟರಿಯನ್ನು ಮೆಟ್ಟಿಲ ಕೆಳಗೆ ಬಿಸಿ ಗೂಡಲ್ಲಿ ಇಡಬೇಡಿ. 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿಗೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತೆ. ಜನರೇಟರ್ ಕೈಕೊಡೋದೂ ಜಾಸ್ತಿ ಸ್ಟಾರ್ಟಿಂಗ್ ಬ್ಯಾಟರಿಯಿಂದಲೇ. ತಿಂಗಳಿಗೊಮ್ಮೆ ನಿಜವಾದ ಲೋಡ್ ಹಾಕಿ ಓಡಿಸಿ, ಬರೀ ಖಾಲಿ ಓಡಿಸಿ ಸರಿ ಇದೆ ಅಂದುಕೊಳ್ಳಬೇಡಿ.

ಕೇಳಿದವರು: ತುಂಬಾ ಥ್ಯಾಂಕ್ಸ್. ಈಗಷ್ಟೇ ಡ್ರಾಯಿಂಗ್ ಮೇಲೆ ಬೆರಳಿಟ್ಟು ನೋಡಿದೆ. ಎರಡು ಜನರೇಟರ್‌ಗೂ ಡೀಸೆಲ್ ಟ್ಯಾಂಕ್ ಒಂದೇ, ಪೈಪೂ ಒಂದೇ. ನಾಳೆ ಕಂಟ್ರಾಕ್ಟರ್‌ನ ಕರೆಸಿದ್ದೇನೆ.