ದೊಡ್ಡ ದವಾಖಾನೆ ಬಂತು ಸರಿ, ಹಮಾಲಿಯ ಬಿಪಿ ನೋಡೋರು ಯಾರು?

ಗಂಜ್ ಹುಡುಗ: ಕಲಬುರಗಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಜಿಮ್ಸ್ ದವಾಖಾನೆ ಇದೆ, ನೌಕರರ ವಿಮೆಯ ಇಎಸ್‌ಐಸಿ ದವಾಖಾನೆ ಇದೆ, 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ದವಾಖಾನೆಯ 371 ಹಾಸಿಗೆಯ ಹೊಸ ಕಟ್ಟಡವೂ ಉದ್ಘಾಟನೆ ಆಯ್ತು. ಇನ್ನೇನು ಬೇಕು ಅಂತಾರೆ. ಹಾರ್ಟ್ ಅಟ್ಯಾಕ್ ಆದ ಮೇಲೆ ಹೋಗೋಕೆ ಜಾಗ ಇದೆ, ಒಪ್ಪಿದೆ. ಅದಕ್ಕೂ ಹತ್ತು ವರ್ಷ ಮೊದಲು ಶುರುವಾಗೋ ಬಿಪಿ? ‘ನಮ್ಮ ಕ್ಲಿನಿಕ್’ ಅಂತ ಸರ್ಕಾರದ ಸಣ್ಣ ದವಾಖಾನೆಗಳಿವೆ, ಶುರುವಾದಾಗ ಅವುಗಳ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30. ಆ ಹೊತ್ತಿಗೆ ಹಮಾಲಿ ಬೆನ್ನ ಮೇಲೆ ತೊಗರಿ ಚೀಲ ಹೊತ್ತಿರುತ್ತಾನೆ.

ಸೇಡಂ ರಸ್ತೆ: ಸುಮ್ನೆ ಸರ್ಕಾರಕ್ಕೆ ಬೈಬೇಡ್ರಿ. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಪುಕ್ಕಟೆ. ಮಂದಿ ಕಾರ್ಡೇ ಮಾಡಿಸಲ್ಲ.

ಓಣಿಯ ಆಶಾ: ಅಣ್ಣಾ, ಆ 5 ಲಕ್ಷ ಬಹುಪಾಲು ಅಡ್ಮಿಟ್ ಆದವರ ಖರ್ಚಿಗೆ. ದಿನಾ ನುಂಗೋ ಬಿಪಿ ಗುಳಿಗೆಗೆ ಅಲ್ಲ. ಖಾಸಗಿಗೆ ಹೋಗಬೇಕಂದ್ರೆ, ಎಮರ್ಜೆನ್ಸಿ ಬಿಟ್ಟು, ಸರ್ಕಾರಿ ದವಾಖಾನೆಯಿಂದ ರೆಫರಲ್ ಬರೆಸಬೇಕು. ಬಿಪಿಎಲ್ ಕಾರ್ಡ್ ಇಲ್ಲದವರಿಗೆ ಪ್ಯಾಕೇಜಿನ 30% ಮಾತ್ರ, ಉಳಿದ ರೊಕ್ಕ ಕೈಯಿಂದ. ನಮ್ಮ ಓಣಿಯ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ ಕಡೆಯವರೇ ಜಾಸ್ತಿ. ರೇಷನ್ ಕಾರ್ಡು ಊರಲ್ಲಿ ಅತ್ತೆಯ ಹೆಸರಲ್ಲಿ ಇರುತ್ತದೆ, ಸೊಸೆಯ ಹೆಸರು ಇನ್ನೂ ಸೇರಿರಲ್ಲ. ಮಾಡಿಸಲ್ಲ ಅಂತ ಹೇಳೋದು ಸುಲಭ. ತಿದ್ದುಪಡಿಗೆ ಊರಿಗೆ ಹೋಗಿಬಂದರೆ ಎರಡು ದಿನದ ಕೂಲಿ ಹೋಯ್ತು.

ಬೀದರ್ ಬಸ್: ಇಎಸ್‌ಐಸಿ ಹೆಸರನ್ನಂತೂ ಬಿಡಿ. ಅಲ್ಲಿ ಪುಕ್ಕಟೆ ಸಿಗೋದು ವಿಮೆ ಇರೋ ನೌಕರರ ಮನೆಯವರಿಗೆ. ಹಮಾಲಿಗೆ ವಿಮೆ ಕಟ್ಟಿದವರು ಯಾರು? ಇನ್ನು ನಗರ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) 50,000 ಜನಕ್ಕೆ ಒಂದು ಅಂತ ನಿಯಮ. ಊರು 2011ರಲ್ಲೇ 5 ಲಕ್ಷ ದಾಟಿತ್ತು. ರಿಂಗ್ ರೋಡಿನ ಆಚೆ ಆಮೇಲೆ ಬೆಳೆದ ಬಡಾವಣೆಗಳು ಆ ಲೆಕ್ಕದಲ್ಲಿ ಎಲ್ಲಿವೆ?

ಸೇಡಂ ರಸ್ತೆ: ಹಾಗಾದ್ರೆ ಅವರೆಲ್ಲ ಈಗ ಎಲ್ಲಿಗೆ ಹೋಗ್ತಾರೆ?

ಗಂಜ್ ಹುಡುಗ: ಸಂಜೆ ಏಳಕ್ಕೆ ನಮ್ಮ ಕಡೆ ಆರ್‌ಎಂಪಿ, ಅಂದ್ರೆ ಡಿಗ್ರಿ ಇಲ್ಲದ ಓಣಿ ಡಾಕ್ಟರ್, ಅವನ ಅಂಗಡಿ ಮುಂದೆ ಬಂದು ನೋಡಿ. ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಾರೆ, ತಲೆಗೂದಲಲ್ಲಿ ಬೇಳೆ ಧೂಳು, ಮುಷ್ಟಿಯಲ್ಲಿ ನೂರರ ನೋಟು. ಒಂದು ಸೂಜಿ, ನಾಲ್ಕು ಬಣ್ಣದ ಗುಳಿಗೆ, ಬೆಳಿಗ್ಗೆ ಮತ್ತೆ ಕೆಲಸ. ಬಿಪಿ ಪಟ್ಟಿ ಯಾರೂ ಕಟ್ಟಲ್ಲ. ನಾನು ಆ ಆರ್‌ಎಂಪಿಯನ್ನೂ ಬೈಯಲಾರೆ, ಆ ಹೊತ್ತಿನಲ್ಲಿ ಬಾಗಿಲು ತೆಗೆದಿರೋದು ಅವನೊಬ್ಬನೇ.

ಸೇಡಂ ರಸ್ತೆ: ಡಾಕ್ಟರಿಗೂ ಮನೆ ಮಕ್ಕಳು ಇರಲ್ವಾ? ರಾತ್ರಿವರೆಗೆ ಕೂರಿಸೋದು ಹೇಗೆ?

ಓಣಿಯ ಆಶಾ: ಕೂರಿಸೋದು ಯಾಕೆ, ಕ್ಲಿನಿಕ್ಕಿನ ವೇಳೆ ಬದಲಿಸಿ. ಗಂಜ್ ಅಂದ್ರೆ ಕಾಳಿನ ಮಾರ್ಕೆಟ್ ಸುತ್ತ ಮಧ್ಯಾಹ್ನ 12ರಿಂದ ರಾತ್ರಿ 8. ಅದೇ ಡಾಕ್ಟರ್, ಅದೇ ನರ್ಸ್. ರಾತ್ರಿ ಮನೆ ಮುಟ್ಟಿಸೋಕೆ ಒಂದು ಗಾಡಿ ಕೊಡಲಿ. ಕಟ್ಟಡಕ್ಕೆ ಕೋಟಿ ಸುರಿಯೋರಿಗೆ ಅದು ಭಾರ ಆಗುತ್ತಾ?