ಅಪ್‌ಡೇಟ್: ಡಯಾಟಮ್ ಗೆರೆಗಳು ಕೊನೆಗೂ ಕಾಣಿಸಿದವು!

ಪುಣೆಯ ಖಡಕ್‌ವಾಸ್ಲಾ ಜಲಾಶಯದ ನೀರಿನ ಡಯಾಟಮ್‌ಗಳನ್ನು (ಗಾಜಿನಂಥ ಚಿಪ್ಪಿರುವ, ಒಂದೇ ಕೋಶದ ಪುಟ್ಟ ಪಾಚಿ) ಮೈಕ್ರೋಸ್ಕೋಪ್‌ನಲ್ಲಿ ತೆಗೆದ ಫೋಟೋದಲ್ಲಿ ಚಿಪ್ಪಿನ ಗೆರೆಗಳೇ ಕಾಣಿಸುತ್ತಿಲ್ಲ, ಏನು ಮಾಡಲಿ ಅಂತ ನಿಮ್ಮನ್ನೆಲ್ಲ ಕೇಳಿದ್ದೆ ಅಲ್ವಾ?

ತಪ್ಪು ಕ್ಯಾಮೆರಾದ್ದಲ್ಲ. ಒಳಗಿನ ಕಂದು ಬಣ್ಣದ ಜೀವಕೋಶ ಗೆರೆಗಳನ್ನು ಮುಚ್ಚಿತ್ತು. ನೀವು ಹೇಳಿದಂತೆ ದಡದ ಕಲ್ಲನ್ನು ಹಳೇ ಟೂತ್‌ಬ್ರಶ್‌ನಿಂದ ಉಜ್ಜಿದೆ. ಬಂದ, ಡಯಾಟಮ್‌ಗಳಿರುವ ಲೋಳೆಯನ್ನು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಕೆಲವು ದಿನ ಬಿಟ್ಟೆ. (ಮುಚ್ಚಳ ಬಿಗಿ ಮಾಡಬೇಡಿ, ಗ್ಯಾಸ್ ಬರುತ್ತೆ.) ಗಾಜಿನಂಥ ಸಿಲಿಕಾ ಚಿಪ್ಪು ಮಾತ್ರ ಉಳಿಯಿತು. ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ ನೋಡಿದೆ. ನೀರಿಗಿಂತ ಗಾಳಿಯಲ್ಲಿ ಕಾಂಟ್ರಾಸ್ಟ್ ಜಾಸ್ತಿ.

ಕಂಡೆನ್ಸರ್ (ಮೈಕ್ರೋಸ್ಕೋಪ್‌ನಲ್ಲಿ ಸ್ಲೈಡ್ ಮೇಲೆ ಬೆಳಕು ಒಟ್ಟುಗೂಡಿಸುವ ಲೆನ್ಸ್) ಕೆಳಗೆ ಅರ್ಧ ಭಾಗಕ್ಕೆ ಕಪ್ಪು ಕಾಗದ ಇಟ್ಟು ಬೆಳಕು ಓರೆಯಾಗಿಸಿದಾಗಂತೂ ಮೈ ಜುಮ್ಮೆಂದಿತು! ಪುಟ್ಟ ದೋಣಿಯಂಥ ನವಿಕುಲಾ ಅನ್ನೋ ಜಾತಿಯ ಡಯಾಟಮ್. ನಡುವೆ ಒಂದು ಸೀಳು, ಎರಡೂ ಕಡೆ ಸಾಲು ಸಾಲು ಗೆರೆ. ಅಮ್ಮ ನೋಡಿ, "ರಂಗೋಲಿ ಎಳೆ ಇದ್ದಂಗಿದೆ ಕಣೋ" ಅಂದರು.

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಪಾಷಾಣ್ ಕೆರೆಗೆ ಹೋಗುತ್ತಿದ್ದೇನೆ.